ಅಲಗಿನ ಮುಕ್ಕು

"ಮನೆಗೋ, ಹೊರಗಡೆ ತಗೊಂಡು ಹೋಗೋಕೋ ಮೇಡಂ? ಮೊದಲು ಅದು ಹೇಳಿ. ಎರಡಕ್ಕೂ ಒಂದೇ ಸಾಕು ಅಂತ ಹೋದ್ರೆ ಎರಡು ಕಡೆಯೂ ಕೈ ಕೊಡುತ್ತೆ."

ಅಂಗಡಿಯವನು ಗಾಜಿನ ಮೇಜಿನ ಮೇಲೆ ರಬ್ಬರ್ ಹಾಳೆ ಹಾಸಿ, ಚಾಕು ಮಸೆಯುವ ಸಾಮಾನುಗಳನ್ನು ಒಂದೊಂದಾಗಿ ತೆಗೆದಿಡುತ್ತಿದ್ದ. ಅಂಗಡಿಯ ಒಂದು ಗೋಡೆಗೆ ಅಡುಗೆಮನೆಯ ಚಾಕು, ಕತ್ತರಿ, ತುರಿಯುವ ಮಣೆ. ಎದುರಿನ ಗೋಡೆಗೆ ಡೇರೆ, ಟಾರ್ಚು, ಸುರುಳಿ ಸುತ್ತಿದ ಹಗ್ಗಗಳು. ಆ ಹಗ್ಗಗಳ ಕಡೆ ಅವನು ತಪ್ಪಿಯೂ ನೋಡುತ್ತಿರಲಿಲ್ಲ.

ಇನ್ಸ್‌ಪೆಕ್ಟರಮ್ಮ ಸ್ಟೂಲು ಎಳೆದುಕೊಂಡು ಕೂತಳು. ಮೊಣಕಾಲು ಲಟಕ್ ಎಂದಿತು.

"ಮೊದಲು ಮನೆಗೆ. ನಮ್ಮ ಚಾಕು ಟೊಮೇಟೊನ ಕುಯ್ಯೋದಿಲ್ಲ, ಜಜ್ಜುತ್ತೆ. ಯಜಮಾನರ ಗೋಳು ಕೇಳಿ ಕೇಳಿ ನನ್ನ ಕಿವಿ ತೂತು ಬಿದ್ದಿದೆ."

ಅದು ಅರ್ಧ ನಿಜ. ಉಳಿದರ್ಧ ಠಾಣೆಯ ಬೀರುವಿನಲ್ಲಿ, ಮೊಹರು ಹಾಕಿದ ಚೀಲದೊಳಗೆ ಕೂತಿತ್ತು. ಗುಡ್ಡದ ಮೇಷ್ಟ್ರು ಬಂಡೆಯಿಂದ ಬಿದ್ದು ಸತ್ತು ಎರಡು ವಾರವಾಗಿತ್ತು. ಹಗ್ಗ ಬಂಡೆಯ ಅಂಚಿಗೆ ಉಜ್ಜಿ ಸವೆದು ಹರಿಯಿತು ಎಂದು ಎಲ್ಲರೂ ಒಂದೇ ಬಾಯಲ್ಲಿ ಹೇಳಿದ್ದರು. ಆ ಮಾತು ಇನ್ಸ್‌ಪೆಕ್ಟರಮ್ಮನ ಗಂಟಲಲ್ಲಿ ಮಾತ್ರ ಇಳಿದಿರಲಿಲ್ಲ.

ಮೇಷ್ಟ್ರು ಯಾವ ಶಾಲೆಯ ಮೇಷ್ಟ್ರೂ ಅಲ್ಲ. ಊರಿನ ಹುಡುಗ ಹುಡುಗಿಯರಿಗೆ ಬಂಡೆ ಹತ್ತಲು ಕಲಿಸುತ್ತಿದ್ದರು, ಅದಕ್ಕೇ ಆ ಹೆಸರು. ಈ ಅಂಗಡಿಯವನು ಅವರ ಸ್ವಂತ ತಮ್ಮ.

"ಇದು ನೋಡಿ, ಸೋಮಾರಿಗಳ ಪಾಲಿನ ದೇವರು." ಅವನು ಪ್ಲಾಸ್ಟಿಕ್ ಹಿಡಿಯ ಪುಟ್ಟ ಸಾಮಾನೊಂದನ್ನು ಮುಂದೆ ತಳ್ಳಿದ. "ಈ ಸಂದಿಯಲ್ಲಿ ಚಾಕು ಇಟ್ಟು ಎಳೆದ್ರೆ ಮುಗೀತು. ಟೊಮೇಟೊಗೆ ಸಾಕು. ಆದ್ರೆ ಅಲಗನ್ನ ಕೆರೆದು ಕೆರೆದು ಬೇಗ ಸವೆಸುತ್ತೆ. ಒಳ್ಳೆ ಚಾಕು ಇದ್ದೋರು ಇದರ ಹತ್ರ ಸುಳಿಯಲ್ಲ."

"ನಮ್ಮದು ಒಳ್ಳೇದೂ ಅಲ್ಲ, ಕೆಟ್ಟದ್ದೂ ಅಲ್ಲ. ಮದುವೇಲಿ ಬಂದಿದ್ದು."

"ಹಾಗಾದ್ರೆ ಕಲ್ಲು ತಗೊಳ್ಳಿ." ಅಂಗೈಗಿಂತ ಸ್ವಲ್ಪ ಉದ್ದದ ಸಾಣೆಕಲ್ಲು ಬಂತು. ಒಂದು ಮೈ ಕಪ್ಪು, ಇನ್ನೊಂದು ಮೈ ಬಿಳಿ. "ಕಪ್ಪು ಮೈ ಒರಟು, ಬಿಳಿ ಮೈ ನುಣುಪು. ನೀರಲ್ಲಿ ನೆನೆಸಿ, ಚಾಕುನ ಓರೆ ಹಿಡಿದು, ನಿಧಾನಕ್ಕೆ ತಳ್ಳಿ. ಕೈಗೆ ಆ ಓರೆ ಅಭ್ಯಾಸ ಆಗೋವರೆಗೆ ಸ್ವಲ್ಪ ಬೇಜಾರು. ಆಮೇಲೆ ಬಿಡೋಕೇ ಮನಸ್ಸು ಬರಲ್ಲ."

"ಒರಟು ಮೈ ಯಾವಾಗ, ನುಣುಪು ಮೈ ಯಾವಾಗ?"

"ನುಣುಪೇ ಸಾಕು ಮೇಡಂ. ಒರಟು ಅಷ್ಟಾಗಿ ಬೇಕಾಗಲ್ಲ." ಅವನು ಕಲ್ಲನ್ನು ಬಿಳಿ ಮೈ ಮೇಲಾಗುವಂತೆ ಮಗುಚಿಟ್ಟ.

"ಹೊರಗಡೆ ಹೋಗೋರಿಗೆ?"

"ಅವರಿಗೆ ಕಲ್ಲು ಆಗಿಬರಲ್ಲ. ಭಾರ, ನೀರು ಬೇಕು, ಕೈ ಜಾರಿದ್ರೆ ಎರಡು ಹೋಳು. ಅವರಿಗೆ ಇದು." ಬಾಚಣಿಗೆಯಷ್ಟು ತೆಳ್ಳಗಿನ ಲೋಹದ ಪಟ್ಟಿ. ಬೆರಳಾಡಿಸಿದರೆ ಸಕ್ಕರೆ ಸವರಿದಂತೆ ಚುರುಚುರು ಎನ್ನುತ್ತಿತ್ತು. "ವಜ್ರದ ಪುಡಿ ಕೂರಿಸಿದ್ದು. ನೀರು ಬೇಡ, ಎಣ್ಣೆ ಬೇಡ. ಜೇಬಲ್ಲಿ ಹಾಕ್ಕೊಂಡು ಎಲ್ಲಿ ಬೇಕಾದ್ರೂ ಹೋಗಿ."

"ಮೇಷ್ಟ್ರು ಇದನ್ನೇ ಇಟ್ಕೊಂಡಿದ್ರಾ?"

ಅವನ ಮುಖ ಮೊದಲ ಸಲ ಸಡಿಲಾಯಿತು. "ಇದೇ. ಅಣ್ಣ ಕಲ್ಲು ಮುಟ್ಟೋರೇ ಅಲ್ಲ. ಬೆಳಿಗ್ಗೆ ಚಹಾ ಹಿಡ್ಕೊಂಡು ಕೂತ್ರೆ ಚಾಕುನ ಈ ಪಟ್ಟಿ ಮೇಲೆ ಆ ಕಡೆ ನಾಲ್ಕು ಸಲ, ಈ ಕಡೆ ನಾಲ್ಕು ಸಲ. ನಾನು ಕಲ್ಲು ಹಿಡಿದ್ರೆ 'ನೀನು ಚಾಕು ಮಸೆಯಲ್ಲ ಕಣೋ, ತಿಂತೀಯ' ಅಂತ ಬೈಯೋರು."

ನಗಲು ಹೋದವನು ನಡುವೆಯೇ ನಿಲ್ಲಿಸಿದ. ಹೇಳಬಾರದ್ದೇನೋ ಹೇಳಿಬಿಟ್ಟವನ ಹಾಗೆ ರಬ್ಬರ್ ಹಾಳೆಯ ಸುಕ್ಕು ಸರಿಮಾಡಿದ.

ಇನ್ಸ್‌ಪೆಕ್ಟರಮ್ಮ ಗಮನಿಸಿದಳು. ಗಮನಿಸದವಳ ಹಾಗೆ ಆಕಳಿಸಿದಳು. ಆ ಆಕಳಿಕೆಯಲ್ಲಿ ನಟನೆ ಇರಲಿಲ್ಲ.

"ಮೂರೂ ಕಟ್ಟಿಕೊಡಿ."

ಹೊರಗೆ ಜೀಪಿನಲ್ಲಿ ಹೆಡ್ ಕಾನ್‌ಸ್ಟೆಬಲ್ ಕಾಯುತ್ತಿದ್ದ. ಮೀಸೆ ಬೋಳಿಸಿ ಯಾವ ಕಾಲವಾಯಿತೋ, ಠಾಣೆಯಲ್ಲಿ ಅವನ ಹೆಸರು ಇವತ್ತಿಗೂ ಮೀಸೆಯೇ. ಪೊಟ್ಟಣ ನೋಡಿ ಹುಬ್ಬೇರಿಸಿದ.

"ಮೂರು ಮೂರು ಸಾಣೆ ಯಾಕೆ ಮೇಡಂ? ನಿವೃತ್ತಿ ಆದಮೇಲೆ ಬೀದಿ ಬೀದಿ ಕೂಗಿಕೊಂಡು ಹೋಗೋ ಯೋಚನೆನಾ?"

"ಬರ್ತೀಯಾ ಜೊತೆಗೆ? ನಿನ್ನ ಗಂಟಲು ಚೆನ್ನಾಗಿದೆ."

ಜೀಪು ಹೊರಡುವ ಮೊದಲೇ ಫೋನ್ ಬಂತು. ಮೇಲಧಿಕಾರಿ. ಆ ಗುಡ್ಡದ ಫೈಲು ಇನ್ನೂ ಯಾಕೆ ನಿಮ್ಮ ಮೇಜಿನ ಮೇಲಿದೆ, ಹಗ್ಗ ಸವೆದು ಹರಿದಿದೆ ಅಂತ ಬರೆದು ಮುಗಿಸೋಕೆ ಏನು ಕಷ್ಟ, ಮಾಡೋಕೆ ಬೇರೆ ಕೆಲಸ ಇಲ್ಲವಾ.

"ಪ್ರಯೋಗಾಲಯದಿಂದ ಹಗ್ಗದ ವರದಿ ಬಂದಿಲ್ಲ ಸರ್."

"ಅದು ಬರೋ ಹೊತ್ತಿಗೆ ನೀವು ಮನೇಲಿ ಮೊಮ್ಮಕ್ಕಳನ್ನ ಆಡಿಸ್ತಿರ್ತೀರಿ. ಮುಗಿಸ್ರೀ."

ಮುಗಿಸಬಹುದಿತ್ತು. ಒಂದು ಸಹಿ ಹಾಕಿದರೆ ಆಯಿತು. ಅವಳ ಮೈಯ ಒಂದೊಂದು ಕೀಲೂ ಹಾಕಿಬಿಡು, ಹೋಗಿ ಮಲಗು ಎನ್ನುತ್ತಿತ್ತು. ಇಷ್ಟು ವರ್ಷದ ನೌಕರಿಯಲ್ಲಿ ಅವಳು ಕಲಿತದ್ದೆಂದರೆ, ದಣಿದಾಗ ಹಾಕಿದ ಸಹಿ ನಿದ್ದೆ ಕೊಡುವುದಿಲ್ಲ.

ಭಾನುವಾರ ಬೆಳಿಗ್ಗೆ ಅಡುಗೆಮನೆಯ ಮೇಜಿನ ಮೇಲೆ ಹಳೆಯ ಪತ್ರಿಕೆ ಹರಡಿ ಕೂತಳು. ಯಜಮಾನರು ಒಲೆಯ ಮುಂದೆ ನಿಂತು ಹೆಂಡತಿಯನ್ನೇ ನೋಡುತ್ತಿದ್ದರು. ಚಿತ್ರಕಲೆ ಕಲಿಸಿ ನಿವೃತ್ತರಾದವರು. ಈಗ ಅಡುಗೆಯೂ ಅವರದೇ, ಅಡುಗೆಮನೆಯ ಕಾನೂನೂ ಅವರದೇ.

"ಏನೇ ಇದು? ರಜದ ದಿನವಾದ್ರೂ ಕೈಗೆ ಬಿಡುವು ಕೊಡಬಾರ್ದಾ?"

"ನೀವೇ ತಾನೇ ಚಾಕು ಮೊಂಡಾಗಿದೆ ಅಂತ ಪ್ರಾಣ ತಿಂತಿದ್ದಿದ್ದು?"

ಚಾಕು ಬೆಳಕಿಗೆ ಹಿಡಿದಳು. ಮೊಂಡು ಅಷ್ಟೇ ಅಲ್ಲ, ಅಲಗಿನ ನಡುವೆ ಅಕ್ಕಿಕಾಳಿನಷ್ಟು ಮುಕ್ಕಾಗಿತ್ತು. ಮಗುವಿನ ಹಾಲುಹಲ್ಲು ಬಿದ್ದ ಜಾಗದ ಹಾಗೆ.

"ಇದೇನ್ರೀ?"

ಯಜಮಾನರು ಅನ್ನದ ಪಾತ್ರೆಯೊಳಗೆ ಬಗ್ಗಿ ನೋಡತೊಡಗಿದರು. "ಅದಾ? ಬಣ್ಣದ ಡಬ್ಬದ ಮುಚ್ಚಳ ಬಿಗಿಯಾಗಿತ್ತು."

"ಚಾಕುಲಿ ಮೀಟಿದ್ರಾ?"

"ಮತ್ತೆ ಹಲ್ಲಲ್ಲಿ ಮೀಟಲಾ? ಮೊದಲೇ ಎರಡು ಅಲ್ಲಾಡ್ತಿವೆ."

ಮೊದಲು ಪ್ಲಾಸ್ಟಿಕ್ ಹಿಡಿಯದರಲ್ಲಿ ಎಳೆದಳು. ಮುಕ್ಕು ಸಂದಿಗೆ ಸಿಕ್ಕಿ ಟಕ್ ಟಕ್ ಎಂದು ಎಡವಿತು. ಮುಕ್ಕಿನ ಎರಡೂ ಬದಿ ಹರಿತವಾಯಿತು, ಮುಕ್ಕು ಮಾತ್ರ ಇದ್ದ ಹಾಗೇ ಇತ್ತು.

ಆಮೇಲೆ ಜೇಬಿನ ಪಟ್ಟಿ. ಆ ಕಡೆ ನಾಲ್ಕು, ಈ ಕಡೆ ನಾಲ್ಕು. ಆಮೇಲೆ ಎಣಿಸುವುದನ್ನು ಬಿಟ್ಟಳು. ಅನ್ನ ಬೆಂದು ಇಳಿಯಿತು, ಯಜಮಾನರು ಪತ್ರಿಕೆ ಓದಿ ಮುಗಿಸಿದರು, ಅವಳ ಹೆಗಲು ಬಿದ್ದುಹೋಯಿತು. ಅಲಗು ಮಿಂಚಿನ ಹಾಗೆ ಹರಿತವಾಗಿತ್ತು. ಮುಕ್ಕು ಅಲ್ಲೇ ಹಲ್ಲು ಕಿರಿಯುತ್ತಿತ್ತು.

ಕೊನೆಗೆ ಕಲ್ಲನ್ನು ನೀರಿನಿಂದ ತೆಗೆದು ಬಿಳಿ ಮೈ ಮೇಲೆ ತಳ್ಳಿದಳು. ಉಹೂಂ. ಮಗುಚಿ ಕಪ್ಪು ಮೈಗೆ ಹಚ್ಚಿದಳು.

ಕರ್ರ್ ಎಂಬ ಸದ್ದಿಗೆ ಯಜಮಾನರು ಹಲ್ಲು ಜುಮ್ಮೆಂದು ಮುಖ ಕಿವುಚಿದರು. ಕಲ್ಲಿನ ಮೇಲೆ ಬೂದುಬಣ್ಣದ ಕೆಸರು ಎದ್ದಿತು. ಕಬ್ಬಿಣ ಕರಗುತ್ತಿತ್ತು. ಮುಕ್ಕು ಅಕ್ಕಿಕಾಳಿನಿಂದ ಎಳ್ಳಾಯಿತು, ಎಳ್ಳಿನಿಂದ ಸಾಸಿವೆಯ ಸಿಪ್ಪೆಯಾಯಿತು, ಆಮೇಲೆ ಇಲ್ಲವಾಯಿತು. ಅಲಗು ಒಂದು ಎಳೆ ಕಿರಿದಾಗಿತ್ತು. ಅದರ ಉದ್ದಕ್ಕೂ ಬೆಕ್ಕು ಪರಚಿದ ಹಾಗೆ ಓರೆ ಓರೆ ಗೀರುಗಳು.

ಇನ್ಸ್‌ಪೆಕ್ಟರಮ್ಮನ ಕೈ ನಿಂತಿತು.

ಈ ಗೀರುಗಳನ್ನು ಅವಳು ನೋಡಿದ್ದಳು. ಇದೇ ಓರೆ, ಇದೇ ಒರಟು. ಠಾಣೆಯ ಬೀರುವಿನಲ್ಲಿ ಮೊಹರು ಹಾಕಿಟ್ಟ ಮೇಷ್ಟ್ರ ಮಡಚುವ ಚಾಕುವಿನ ಮೇಲೆ.

ಎದ್ದು ಚಾಕುವನ್ನು ಪತ್ರಿಕೆಯಲ್ಲಿ ಸುತ್ತಿದಳು.

"ಅದನ್ನೆಲ್ಲಿಗೆ ತಗೊಂಡು ಹೋಗ್ತೀಯ? ತರಕಾರಿ ಹೆಚ್ಚೋದು ಯಾವುದರಲ್ಲಿ?"

"ಇವತ್ತು ಮೊಸರನ್ನದಲ್ಲೇ ಸುಧಾರಿಸ್ಕೊಳ್ಳಿ."

"ಮೊಸರಿಲ್ಲ."

"ಹಾಗಾದ್ರೆ ಬರೀ ಅನ್ನ," ಎಂದು ಚಪ್ಪಲಿ ಮೆಟ್ಟಿದಳು.

ಠಾಣೆಯಲ್ಲಿ ಮೀಸೆ ಭೂತಗನ್ನಡಿ ಹುಡುಕಿ ತಂದ. ಚೀಲದ ಮೊಹರು ಒಡೆದು, ಅದನ್ನು ಬರೆದಿಟ್ಟು, ಎರಡು ಚಾಕುಗಳನ್ನು ಕಿಟಕಿಯ ಬೆಳಕಿನಲ್ಲಿ ಅಕ್ಕಪಕ್ಕ ಮಲಗಿಸಿದರು. ಒಂದು ಮದುವೆಯಲ್ಲಿ ಬಂದದ್ದು, ಇನ್ನೊಂದು ಸಾವಿನಲ್ಲಿ.

ಮೀಸೆ ಒಂದು ಕಣ್ಣು ಮುಚ್ಚಿ ಬಗ್ಗಿದ. "ಅಕ್ಕತಂಗಿಯರ ಹಾಗಿವೆ ಮೇಡಂ."

"ಮೇಷ್ಟ್ರು ಕಲ್ಲು ಮುಟ್ಟೋರೇ ಅಲ್ಲ ಅಂತ ಅವರ ತಮ್ಮನೇ ನಿನ್ನೆ ಬಾಯಿಬಿಟ್ಟ. ಅವರ ಚೀಲದಲ್ಲೂ ಪಟ್ಟಿ ಮಾತ್ರ ಇತ್ತು. ಹಾಗಾದ್ರೆ ಈ ಚಾಕು ಒರಟು ಕಲ್ಲಿಗೆ ಯಾಕೆ ಹೋಯ್ತು?"

"ಮೊಂಡಾಗಿರಬಹುದು."

"ಮೊಂಡಿಗೆ ಪಟ್ಟಿ ಸಾಕು. ಒರಟು ಕಲ್ಲು ಬೇಕಾಗೋದು ಮುಕ್ಕಾದ್ರೆ ಮಾತ್ರ. ಬೆಳಿಗ್ಗೆಯಿಂದ ಅದನ್ನೇ ಮಾಡ್ತಿದ್ದೀನಿ, ಹೆಗಲು ಎತ್ತೋಕಾಗ್ತಿಲ್ಲ ನೋಡು. ಹಗ್ಗ ಕುಯ್ದ್ರೆ ಚಾಕು ಮುಕ್ಕಾಗಲ್ಲ. ಆದ್ರೆ ಬಂಡೆ ಅಂಚಿನ ಮೇಲೆ ಬಿಗಿಯಾಗಿ ನಿಂತ ಹಗ್ಗ ಕುಯ್ದ್ರೆ? ಹಗ್ಗ ತುಂಡಾದ ಕೂಡಲೇ ಅಲಗು ಹೋಗಿ ಏನಕ್ಕೆ ಬಡಿಯುತ್ತೆ?"

ಮೀಸೆ ಮಾತಾಡದೆ ಫೈಲಿನಿಂದ ಒಂದು ಫೋಟೊ ತೆಗೆದ. ಬಂಡೆಯ ಮೇಲಂಚು. ಅದರ ಮೇಲೆ ಉಗುರಿನಷ್ಟು ಉದ್ದದ ಬಿಳಿ ಗೀರು. ಬೂಟಿನ ಮೊಳೆ ತಾಗಿರಬೇಕು ಎಂದು ಆವತ್ತು ಬರೆದುಕೊಂಡವನು ಅವನೇ.

"ಥತ್," ಎಂದು ತನ್ನ ಹಣೆಗೆ ತಾನೇ ಹೊಡೆದುಕೊಂಡ.

"ನಾನೂ ನೋಡಿ ಸುಮ್ಮನಾದವಳೇ. ಬಿಡು."

ಆ ದಿನ ಗುಡ್ಡದಲ್ಲಿ ಇದ್ದವರು ನಾಲ್ಕೇ ಜನ. ಮೇಷ್ಟ್ರು ಒಬ್ಬರೇ ಬಂಡೆಯ ನೆತ್ತಿಗೆ ಹೋಗಿ, ಮರಕ್ಕೆ ಹಗ್ಗ ಕಟ್ಟಿ ಇಳಿಯಲು ಶುರುಮಾಡಿದ್ದರು. ತಮ್ಮ ಕೆಳಗೆ ತನ್ನ ಜೀಪಿನ ಹತ್ತಿರ. ಮೇಷ್ಟ್ರ ಹೆಂಡತಿ ಹಳ್ಳದಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಮೇಷ್ಟ್ರ ಹಳೆಯ ಗೆಳೆಯನೊಬ್ಬ, ಔಷಧಿ ಅಂಗಡಿ ಇಟ್ಟವನು, ಊರೆಲ್ಲ ಕಂಪೌಂಡರ್ ಎನ್ನುವವನು, ಡೇರೆಯಲ್ಲಿ ಗೊರಕೆ ಹೊಡೆಯುತ್ತಿದ್ದ. ನೆತ್ತಿಯಲ್ಲಿ ಇನ್ಯಾರನ್ನೂ ಯಾರೂ ಕಂಡಿರಲಿಲ್ಲ. ಹಾಗಂತ ಹೇಳಿಕೆ.

ಹೇಳಿಕೆ ಕೊಟ್ಟವನೂ ತಮ್ಮನೇ. ಉಳಿದಿಬ್ಬರು ಅದರ ಕೆಳಗೆ ಸಹಿ ಹಾಕಿದ್ದರು. ಹೆಂಡತಿ ಅಳುತ್ತಿದ್ದಳು, ಹೊತ್ತು ಮುಳುಗುತ್ತಿತ್ತು, ಎಲ್ಲರಿಗೂ ಸಾಕಾಗಿತ್ತು. ಆ 'ಎಲ್ಲರೂ' ಎಂಬುದರಲ್ಲಿ ತಾನೂ ಇದ್ದೆ ಎಂಬುದು ಇನ್ಸ್‌ಪೆಕ್ಟರಮ್ಮನಿಗೆ ಈಗ ನೆನಪಾಯಿತು.

"ಮೇಷ್ಟ್ರ ಚೀಲ ಠಾಣೆಗೆ ಯಾವಾಗ ಬಂತು?"

"ಮಾರನೇ ದಿನ ಕೇಳಿ ಕಳಿಸಿದ್ವಿ. ಅದರ ಮಾರನೇ ದಿನ ತಮ್ಮನೇ ತಂದುಕೊಟ್ಟ."

"ಅಲ್ಲಿವರೆಗೆ?"

"ಅವನ ಮನೇಲಿ. ಅಂಗಡಿ ಹಿಂದೆ."

ಅಂಗಡಿಗೆ ಅರ್ಧ ಬಾಗಿಲು ಎಳೆದಿತ್ತು. ಹಿಂದಿನ ಮನೆಯ ನಡುಕೋಣೆಯಲ್ಲಿ ಅವನು ಊಟ ಮುಗಿಸಿ ಕೈ ಒರೆಸಿಕೊಳ್ಳುತ್ತಿದ್ದ. ಮೇಷ್ಟ್ರೂ ಹೆಂಡತಿಯೂ ಇದ್ದದ್ದು ಇದೇ ಮನೆಯ ಮಹಡಿಯಲ್ಲಿ. ಒಳಗೆ ಅಡುಗೆಮನೆಯಲ್ಲಿ ಯಾರೋ ಪಾತ್ರೆ ತೊಳೆಯುತ್ತಿದ್ದ ಸದ್ದು.

"ಏನ್ ಮೇಡಂ, ಕಲ್ಲು ಸರಿಹೋಗಲಿಲ್ವಾ? ಬದಲಾಯಿಸಿ ಕೊಡ್ತೀನಿ ಬಿಡಿ."

"ಕಲ್ಲು ಚೆನ್ನಾಗಿದೆ." ಕುರ್ಚಿಯಲ್ಲಿ ಕೂತು, ಪತ್ರಿಕೆ ಬಿಚ್ಚಿ, ತನ್ನ ಅಡುಗೆಮನೆಯ ಚಾಕುವನ್ನು ಮೇಜಿನ ಮೇಲಿಟ್ಟಳು. "ಕಪ್ಪು ಮೈಯಂತೂ ಬಹಳ ಚೆನ್ನಾಗಿದೆ. ಅದು ಯಾತಕ್ಕೆ ಅಂತ ನೀವು ಹೇಳಲೇ ಇಲ್ಲ ನೋಡಿ. ನಾನೇ ಕಂಡುಕೊಂಡೆ."

ಅವನು ಚಾಕು ನೋಡಿದ. ಗೀರುಗಳನ್ನು ನೋಡಿದ. ಇಂಥದ್ದನ್ನೆಲ್ಲ ಮಾರಿ ಬದುಕುವವನು, ಅವನಿಗೆ ವಿವರಿಸಿ ಹೇಳಬೇಕಾದ್ದೇನೂ ಇರಲಿಲ್ಲ. ಕೈ ಒರೆಸುತ್ತಿದ್ದ ಬಟ್ಟೆಯನ್ನು ಮಡಚಿದ. ಬಿಚ್ಚಿದ. ಮತ್ತೆ ಮಡಚಿದ.

"ಅಣ್ಣನ ಚಾಕು ಮಸೆದಿದ್ದು ಯಾರು?"

ಅವನು ಬಟ್ಟೆಯನ್ನು ಎದುರಿನ ಕುರ್ಚಿಯ ಬೆನ್ನಿಗೆ ಹಾಕಿದ.

"ನೋಡಿ, ನನಗೆ ಕೂಗಾಡೋ ಶಕ್ತಿ ಇಲ್ಲ. ಬೆಳಿಗ್ಗೆಯಿಂದ ಊಟ ಆಗಿಲ್ಲ, ಮನೇಲಿ ಗಂಡನೂ ಬರೀ ಅನ್ನ ತಿಂದಿದ್ದಾರೆ. ನೀವಾಗಿ ಹೇಳಿದ್ರೆ ಇಲ್ಲೇ ಕೂತು ಕೇಳ್ತೀನಿ. ಇಲ್ಲಾಂದ್ರೆ ಠಾಣೆಗೆ ಹೋಗೋಣ, ಅಲ್ಲಿ ಕೂಗಾಡೋಕೆ ಬೇರೆಯವರಿದ್ದಾರೆ."

ಅವನು ಕೂತುಬಿಟ್ಟ.

"ನಾನೇ."

ಬಾಗಿಲ ಹತ್ತಿರ ಮೀಸೆ ಪೆನ್ನು ತೆಗೆದ.

"ಅಣ್ಣನನ್ನ ನಾನು ಕೊಂದಿಲ್ಲ ಮೇಡಂ. ಅಣ್ಣನನ್ನ ಯಾರೂ ಕೊಂದಿಲ್ಲ." ಅವನ ದನಿ ಸಣ್ಣಗಾಯಿತು, ಅಡುಗೆಮನೆಗೆ ಕೇಳಬಾರದೆಂಬಂತೆ. "ಅಣ್ಣನೇ ಕುಯ್ಕೊಂಡಿದ್ದು. ತನ್ನ ಹಗ್ಗ ತಾನೇ."

ಇನ್ಸ್‌ಪೆಕ್ಟರಮ್ಮ ಬರೆದುಕೋ ಎಂದು ಮೀಸೆಗೆ ಸನ್ನೆ ಮಾಡಿದಳು.

"ಅಣ್ಣನ ಕಣ್ಣು ಹೋಗ್ತಿತ್ತು. ಪಕ್ಕದಿಂದ ಬರೋದು ಏನೂ ಕಾಣ್ತಿರಲಿಲ್ಲ. ಡಾಕ್ಟ್ರು, ಇನ್ನು ಬಂಡೆ ಕಡೆ ಮುಖ ಹಾಕಬೇಡಿ ಅಂದಿದ್ರು. ನನಗೊಬ್ಬನಿಗೇ ಗೊತ್ತಿತ್ತು, ಅತ್ತಿಗೆಗೂ ಹೇಳಿರಲಿಲ್ಲ. 'ಗುಡ್ಡ ಬಿಟ್ಟು ನಾನೇನು ಅಂಗಡೀಲಿ ಕೂತು ನಿನ್ನ ಹಾಗೆ ಕತ್ತರಿ ಮಾರಲಾ' ಅಂದ. ಆ ಮಾತಿಗೆ ನಾನು ನಕ್ಕುಬಿಟ್ಟಿದ್ದೆ ಮೇಡಂ. ತಮಾಷೆ ಅಂದ್ಕೊಂಡೆ."

"ಆ ದಿನ?"

"ಜೀಪಿನ ಹತ್ರ ಇದ್ದೆ. ದೊಪ್ ಅಂತ ಸದ್ದು. ಮೊದಲು ಏನೋ ಕಲ್ಲು ಉರುಳಿತು ಅಂದ್ಕೊಂಡು ಸುಮ್ಮನಿದ್ದೆ. ಸ್ವಲ್ಪ ಹೊತ್ತಾದ ಮೇಲೆ ಯಾಕೋ ಮನಸ್ಸು ತಡೀಲಿಲ್ಲ, ಹೋಗಿ ನೋಡಿದೆ. ಬಂಡೆ ಬುಡದಲ್ಲಿ ಬಿದ್ದಿದ್ದ. ಮುಖದ ಮೇಲಿದ್ದ ಟವೆಲ್ ಸರಿಸಿದೆ. ನೋಡಿದ ಕೂಡಲೇ ಗೊತ್ತಾಯ್ತು, ಜೀವ ಇಲ್ಲ ಅಂತ. ಸೊಂಟದಲ್ಲಿ ಒಂದು ತೋಳುದ್ದದ ಹಗ್ಗ ನೇತಾಡ್ತಿತ್ತು. ತುದಿ ನೋಡಿದೆ. ಹಗ್ಗ ಮಾರೋನು ನಾನು, ಸವೆದು ಹರಿದ ಹಗ್ಗ ಹೇಗಿರುತ್ತೆ ಅಂತ ನನಗೆ ಗೊತ್ತಿಲ್ವಾ?"

"ಚಾಕು?"

"ಪ್ಯಾಂಟಿನ ಜೇಬಲ್ಲಿ ಸಿಕ್ತು. ಬಿಚ್ಚಿ ನೋಡಿದೆ. ಅಲಗು ಮುಕ್ಕಾಗಿತ್ತು, ಹಗ್ಗದ ನೂಲು ಅಂಟಿತ್ತು." ಅವನು ಎರಡೂ ಕೈಯಲ್ಲಿ ಮುಖ ಒರೆಸಿಕೊಂಡ. "ಇದು ಹೊರಗೆ ಬಂದ್ರೆ ಅತ್ತಿಗೆ ಜೀವನ ಪೂರ್ತಿ ಕೊರಗ್ತಾರೆ. ತಾನೇ ಏನೋ ಕಡಿಮೆ ಮಾಡಿದೆ ಅಂತ. ಅಣ್ಣನ ಹತ್ರ ಕಲಿತ ಮಕ್ಕಳು ಏನಂದ್ಕೋತಾರೆ? ಅದಕ್ಕೇ ಚಾಕು ಮನೆಗೆ ತಂದೆ. ಒರಟು ಕಲ್ಲಿನ ಮೇಲೆ ಆ ಮುಕ್ಕು ಹೋಗೋವರೆಗೆ ತಿಕ್ಕಿದೆ. ಅಳ್ತಾ ಅಳ್ತಾ ತಿಕ್ಕಿದೆ. ನುಣುಪು ಕಲ್ಲಿಗೆ ಹಾಕೋಷ್ಟು ತ್ರಾಣ ಉಳಿದಿರಲಿಲ್ಲ. ಚೀಲಕ್ಕೆ ಹಾಕಿ ನಿಮಗೆ ಕೊಟ್ಟೆ."

ಇಷ್ಟು ಹೇಳಿ, ಹೊತ್ತ ಹೊರೆ ಇಳಿಸಿದವನ ಹಾಗೆ ಉಸಿರು ಬಿಟ್ಟ. ಇನ್ಸ್‌ಪೆಕ್ಟರಮ್ಮನಿಗೆ ಅವನ ಮೇಲೆ ಕನಿಕರ ಹುಟ್ಟಿತು. ಸುಳ್ಳು ಹೇಳುವವರು ಇಷ್ಟು ಕೆಟ್ಟದಾಗಿ ಅಳುವುದಿಲ್ಲ. ಆ ಕನಿಕರದಿಂದಲೇ ಮುಂದಿನ ಪ್ರಶ್ನೆ ಕೇಳಲು ತುಸು ತಡವಾಯಿತು.

"ಬಿಚ್ಚಿ ನೋಡಿದೆ ಅಂದ್ರಿ."

"ಹೂಂ."

"ಅಂದ್ರೆ ಚಾಕು ಮಡಚಿತ್ತು. ಮಡಚಿ, ಜೇಬಿನೊಳಗಿತ್ತು."

"ಹೂಂ, ಜೇಬಲ್ಲಿ..."

"ಬಂಡೆಗೆ ನೇತುಬಿದ್ದ ಮನುಷ್ಯ ಕೈಯೆತ್ತಿ ತನ್ನ ಹಗ್ಗ ತಾನೇ ಕುಯ್ಕೋತಾನೆ. ಹಗ್ಗ ತುಂಡಾಗುತ್ತೆ, ಬೀಳ್ತಾನೆ. ಬೀಳ್ತಾ ಬೀಳ್ತಾ ಚಾಕು ಮಡಚಿ ಜೇಬಿಗೆ ಹಾಕ್ಕೋತಾನಾ?"

ಇನ್ಸ್‌ಪೆಕ್ಟರಮ್ಮ ಅವನ ಮುಖವನ್ನೇ ನೋಡುತ್ತಿದ್ದಳು. ಎರಡು ವಾರ ಅಣ್ಣ ತನ್ನನ್ನು ಬಿಟ್ಟು ಹೋದ ಎಂದು ಕೊರಗಿದವನಿಗೆ, ಅಣ್ಣ ಹೋಗಲಿಲ್ಲ, ಯಾರೋ ಕಳಿಸಿದರು ಎಂಬುದು ಈಗ ತಲೆಗೆ ಇಳಿಯುತ್ತಿತ್ತು. ಅದರ ಹಿಂದೆಯೇ ಇನ್ನೊಂದೂ ಇಳಿಯಿತು. ಆ ಯಾರೋ ಬಿಟ್ಟುಹೋದ ಒಂದೇ ಒಂದು ಗುರುತನ್ನು ತಾನೇ ಕೈಯಾರೆ ಕಲ್ಲಿಗೆ ತಿಕ್ಕಿ ಅಳಿಸಿದ್ದೆ ಎಂಬುದು.

"ಅಯ್ಯೋ," ಎಂದ. ಅಷ್ಟೇ.

"ಇನ್ನೊಂದು ಹೇಳಿ. ಮುಖದ ಮೇಲೆ ಟವೆಲ್ ಹೊದಿಸಿದ್ದು ಯಾರು?"

ಅಡುಗೆಮನೆಯಲ್ಲಿ ನೀರಿನ ಸದ್ದು ನಿಂತಿತು.

ಅವನ ಕಣ್ಣು ಆ ಕಡೆ ಹೋಗಿ ಬಂತು. ಇಲ್ಲಿಯವರೆಗೆ ತೆರೆದ ಕೊಡದ ಹಾಗಿದ್ದ ಮುಖಕ್ಕೆ ಈಗ ಮುಚ್ಚಳ ಬಿತ್ತು.

"ಟವೆಲ್... ಅದು ಅಣ್ಣನ ಹೆಗಲ ಮೇಲೆ ಇದ್ದಿದ್ದು. ಬೀಳುವಾಗ ಮುಖದ ಮೇಲೆ ಬಂದಿರಬೇಕು. ಮೊದಲು ಹೋಗಿದ್ದು ನಾನೇ ಮೇಡಂ. ನನಗಿಂತ ಮೊದಲು ಅಲ್ಲಿ ಯಾರೂ ಇರಲಿಲ್ಲ."

ಮೀಸೆಯ ಪೆನ್ನು ಕಾಗದದ ಮೇಲೆ ನಿಂತುಬಿಟ್ಟಿತು.

"ಯೋಚಿಸಿ ಹೇಳಿ," ಎಂದಳು ಇನ್ಸ್‌ಪೆಕ್ಟರಮ್ಮ. "ಚಾಕು ಮಸೆದು ಗುರುತು ಅಳಿಸಿದವರು ನೀವು. ಮೊದಲು ಹೋದವರೂ ನೀವೇ ಅಂದ್ರೆ, ಜೇಬಿಗೆ ಹಾಕಿದವರು ಯಾರು ಅಂತ ನಾನು ಬರೆಯಲಿ?"

"ಏನು ಬೇಕಾದ್ರೂ ಬರ್ಕೊಳ್ಳಿ."

"ಬರೆಯೋದು ಬೇಡ."

ಅಡುಗೆಮನೆಯ ಬಾಗಿಲಲ್ಲಿ ಮೇಷ್ಟ್ರ ಹೆಂಡತಿ ನಿಂತಿದ್ದಳು. ಒದ್ದೆ ಕೈ ಒರೆಸಿಕೊಂಡಿರಲಿಲ್ಲ, ಬೆರಳ ತುದಿಯಿಂದ ನೀರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಎಷ್ಟು ಹೊತ್ತಿನಿಂದ ಕೇಳಿಸಿಕೊಳ್ಳುತ್ತಿದ್ದಳೋ. ಅತ್ತ ಕಣ್ಣಲ್ಲ, ನಿದ್ದೆಗೆಟ್ಟ ಕಣ್ಣು.

"ಟವೆಲ್ ನಂದು. ಆ ಗಾಯ ನೋಡೋಕಾಗದೆ ಮುಖ ಮುಚ್ಚಿದ್ದು ನಾನು. ಸದ್ದು ಕೇಳಿದ ಕೂಡಲೇ ಹಳ್ಳದಿಂದ ಓಡಿದೆ, ನಾನೇ ಮೊದಲು ಹೋಗಿದ್ದು."

"ಅತ್ತಿಗೆ, ನೀವು ಒಳಗೆ ಹೋಗಿ," ಎಂದ ಅಂಗಡಿಯವನು.

"ಇದನ್ನ ಮೊದಲೇ ಯಾಕೆ ಹೇಳಲಿಲ್ಲ?" ಎಂದಳು ಇನ್ಸ್‌ಪೆಕ್ಟರಮ್ಮ.

"ಆವತ್ತು ನನ್ನನ್ನ ಯಾರು ಕೇಳಿದ್ರು? ಮೈದುನ ಹೇಳಿದ, ನೀವು ಬರ್ಕೊಂಡ್ರಿ, ನಾನು ಸಹಿ ಹಾಕಿದೆ." ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ಇನ್ಸ್‌ಪೆಕ್ಟರಮ್ಮನಿಗೆ ಹೆಚ್ಚು ನಾಟಿತು. "ಆಂಬುಲೆನ್ಸ್ ಕರೆಯೋಣ ಅಂತ ಅವರ ಫೋನ್ ಹುಡುಕಿದೆ. ಎಲ್ಲ ಜೇಬಿಗೂ ಕೈ ಹಾಕಿದೆ. ಪ್ಯಾಂಟಿಂದು, ಶರ್ಟಿಂದು, ಎಲ್ಲ. ಚಾಕು ಇರಲಿಲ್ಲ."

"ಖಂಡಿತಾನಾ?"

"ಮೂವತ್ತು ವರ್ಷ ಅವರ ಜೇಬು ನೋಡಿಯೇ ಬಟ್ಟೆ ಒಗೆದಿದ್ದೀನಿ. ನನಗೆ ಗೊತ್ತಾಗಲ್ವಾ?"

ಹಾಗಾದರೆ ಇವಳು ಅಲ್ಲಿಂದ ಹೋದ ಮೇಲೆ, ಇವನು ಬರುವ ಮೊದಲು. ಆ ನಡುವಿನ ಸಣ್ಣ ಹೊತ್ತಿನಲ್ಲಿ ನೆತ್ತಿಯಿಂದ ಯಾರೋ ಇಳಿದು ಬಂದು, ಚಾಕು ಮಡಚಿ, ಸತ್ತವನ ಜೇಬಿನಲ್ಲಿಟ್ಟು ಹೋಗಿದ್ದರು. ಅಥವಾ ಇವರಿಬ್ಬರಲ್ಲಿ ಒಬ್ಬರು ಸುಳ್ಳು ಹೇಳುತ್ತಿದ್ದರು. ಇನ್ಸ್‌ಪೆಕ್ಟರಮ್ಮ ಕಣ್ಣುಜ್ಜಿಕೊಂಡಳು. ಹಸಿವು ಹೋಗಿ ಬರೀ ತಲೆಭಾರ ಉಳಿದಿತ್ತು.

"ಮುಖ ಮುಚ್ಚಿ ಎಲ್ಲಿಗೆ ಹೋದ್ರಿ?"

"ಡೇರೆಗೆ. ಕಂಪೌಂಡರ್‌ನ ಎಬ್ಬಿಸೋಕೆ. ಔಷಧಿ ಗೊತ್ತಿರೋ ಮನುಷ್ಯ, ಏನಾದ್ರೂ ಮಾಡಬಹುದೇನೋ ಅನ್ನೋ ಆಸೆ."

"ಎದ್ದನಾ?"

"ಡೇರೆ ಖಾಲಿ ಇತ್ತು."

ಮೀಸೆ ತಲೆಯೆತ್ತಿದ. ಸಹಿ ಹಾಕಿದ ಹೇಳಿಕೆಯಲ್ಲಿ ಗೊರಕೆ ಹೊಡೆಯುತ್ತಿದ್ದ ಮನುಷ್ಯ ಎರಡು ವಾರದಿಂದ ಆರಾಮವಾಗಿ ಔಷಧಿ ಮಾರಿಕೊಂಡು ಕೂತಿದ್ದ.

"ಆಮೇಲೆ?" ಎಂದಳು ಇನ್ಸ್‌ಪೆಕ್ಟರಮ್ಮ.

"ಡೇರೆ ಹಿಂದೆ ಹೋದೆ. ಅಲ್ಲಿ..."

"ಅತ್ತಿಗೇ!"

ಅಂಗಡಿಯವನು ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು. ಅಣ್ಣನ ಸಾವನ್ನು ಹೇಳುವಾಗಲೂ ಇಲ್ಲದಿದ್ದ ಹೆದರಿಕೆ ಈಗ ಅವನ ಮುಖದಲ್ಲಿ ಸುರಿಯುತ್ತಿತ್ತು. ಎರಡೂ ಕೈ ಮುಗಿದು ನಿಂತ, ಅತ್ತಿಗೆಗೋ ಇನ್ಸ್‌ಪೆಕ್ಟರಮ್ಮನಿಗೋ ತಿಳಿಯದ ಹಾಗೆ.

"ಅಷ್ಟಕ್ಕೇ ನಿಲ್ಲಿಸಿ ಅತ್ತಿಗೆ. ಇನ್ನೊಂದು ಮಾತಾಡಿದ್ರೆ ಇವರು ನಿಮ್ಮನ್ನೇ ಹಿಡ್ಕೊಂಡು ಹೋಗ್ತಾರೆ, ದಮ್ಮಯ್ಯ ಅಂತೀನಿ. ಬೇಕಾದ್ರೆ ಅಣ್ಣನನ್ನ ಕೊಂದಿದ್ದು ನಾನೇ ಅಂತ ಬರೆಸಿಬಿಡ್ತೀನಿ. ಅಲ್ಲಿಗೇ ನಿಲ್ಲಿಸಿ."